ಗ್ರಾಂ ಲೆಕ್ಕ, ಲೋಟದ ಅಳತೆ: ಬಿಸಿಯೂಟದ ಅಡುಗೆ ಮನೆಯಲ್ಲಿ ಗಮನಿಸಬೇಕಾದ ಅಂಶ

ಮಧ್ಯಾಹ್ನದ ಬಿಸಿಯೂಟ ಯೋಜನೆಯಲ್ಲಿ 1ರಿಂದ 5ನೇ ತರಗತಿಯ ಪ್ರತಿ ಮಗುವಿಗೆ ದಿನವೊಂದಕ್ಕೆ 100 ಗ್ರಾಂ ಆಹಾರಧಾನ್ಯ, 20 ಗ್ರಾಂ ಬೇಳೆ ಹಾಗೂ 5 ಗ್ರಾಂ ಎಣ್ಣೆ ನಿಗದಿಯಾಗಿದೆ. 6ರಿಂದ 8ನೇ ತರಗತಿಯವರಿಗೆ ಈ ಪ್ರಮಾಣ ಕ್ರಮವಾಗಿ 150, 30 ಮತ್ತು 7.5 ಗ್ರಾಂ. ದಾಸ್ತಾನು ವಹಿಯೂ ತೂಕದಲ್ಲಿಯೇ ನಡೆಯುತ್ತದೆ. ಒಲೆಯ ಬಳಿ ಮಾತ್ರ ಕೈಗೆ ಬರುವುದು ಸೇರು, ಪಾವು, ಲೋಟ. ಬಳ್ಳಾರಿ ಕಂಟೋನ್ಮೆಂಟ್ ಆಗಲಿ, ಸಿರುಗುಪ್ಪ, ಕುರುಗೋಡು ಭಾಗದ ಹಳ್ಳಿಗಳಾಗಲಿ, ಅಡುಗೆ ಮನೆಯಲ್ಲಿ ಅಳೆದು ಹಾಕುವ ರೂಢಿ ಹಳೆಯದು. ಆ ರೂಢಿಯಲ್ಲಿ ದೋಷವಿಲ್ಲ. ಆದರೆ ತೂಕವನ್ನು ಅಳತೆಗೆ ಪರಿವರ್ತಿಸುವಾಗ ತಪ್ಪಿದರೆ ವಹಿಯಲ್ಲಿ ಎಲ್ಲವೂ ಸರಿಯಾಗಿದ್ದು, ತಟ್ಟೆಯಲ್ಲಿ ಮಾತ್ರ ಕೊರತೆಯಾಗುತ್ತದೆ.

ಲೋಟವು ಅಳೆಯುವುದು ಪದಾರ್ಥ ಆಕ್ರಮಿಸುವ ಜಾಗವನ್ನು, ತೂಕವನ್ನಲ್ಲ. ಬಿಸ್ಕತ್ತು, ಕೇಕ್ ತಯಾರಿಸುವ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಈ ಸಂಗತಿ ಬೇಗ ಮನವರಿಕೆಯಾಗುತ್ತದೆ. 240 ಮಿಲಿಲೀಟರ್ ಹಿಡಿಸುವ ಕಪ್ಪಿನಲ್ಲಿ ಸಕ್ಕರೆ ಸುಮಾರು 200 ಗ್ರಾಂ ತೂಗಿದರೆ, ಹಗುರವಾಗಿ ತುಂಬಿದ ಮೈದಾ ಸುಮಾರು 120 ಗ್ರಾಂ ಮಾತ್ರ. ಅದೇ ಮೈದಾವನ್ನು ಒತ್ತಿ ತುಂಬಿದರೆ 150 ಗ್ರಾಂವರೆಗೂ ಹೋಗುತ್ತದೆ. ಕೇಕಿನಲ್ಲಿ ಈ ವ್ಯತ್ಯಾಸ ಅಂದೇ ಕಣ್ಣಿಗೆ ಬೀಳುತ್ತದೆ: ಅದು ಗಟ್ಟಿಯಾಗುತ್ತದೆ. ಸಾರಿನಲ್ಲಿ ಹಾಗಲ್ಲ, ಬೇಳೆ ಕಡಿಮೆಯಾದರೆ ನೀರು ಅದನ್ನು ಮರೆಮಾಚುತ್ತದೆ.

‘ಸೇರು’ ಎಂಬ ಹೆಸರೇ ಹಿಂದೆ ಕೆಲವೆಡೆ ತೂಕಕ್ಕೂ ಕೆಲವೆಡೆ ಅಳತೆಗೂ ಸಲ್ಲುತ್ತಿತ್ತು. 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿ ಜಾರಿಗೆ ಬಂದರೂ ಪಾತ್ರೆಗಳು ಮನೆಗಳಲ್ಲಿ ಉಳಿದವು, ಗೊಂದಲವೂ ಉಳಿಯಿತು.

ಹೆಚ್ಚು ಎಚ್ಚರ ಬೇಕಾಗಿರುವುದು ಎಣ್ಣೆಯ ವಿಷಯದಲ್ಲಿ. ಒಂದು ಲೀಟರ್ ಅಡುಗೆ ಎಣ್ಣೆಯ ತೂಕ ಒಂದು ಕಿಲೋ ಅಲ್ಲ, ಸುಮಾರು 910 ಗ್ರಾಂ. ಪೊಟ್ಟಣದ ಮೇಲೆಯೇ ಈ ಎರಡೂ ಅಂಕಿಗಳನ್ನು ಕಾಣಬಹುದು. 5ನೇ ತರಗತಿಯವರೆಗಿನ 100 ಮಕ್ಕಳಿರುವ ಶಾಲೆಗೆ ದಿನಕ್ಕೆ 500 ಗ್ರಾಂ ಎಣ್ಣೆ ಬೇಕು. ‘ಅರ್ಧ ಕಿಲೋ ಎಂದರೆ ಅರ್ಧ ಲೀಟರ್’ ಎಂದು ಭಾವಿಸಿ ಅಳೆದರೆ ಬಾಣಲೆಗೆ ಬೀಳುವುದು 455 ಗ್ರಾಂ. ಕೊರತೆಯಾದ 45 ಗ್ರಾಂ ಒಂಬತ್ತು ಮಕ್ಕಳ ಪಾಲು. ಸರಿಯಾದ ಅಳತೆ ಸುಮಾರು 550 ಮಿಲಿಲೀಟರ್. ಇಲ್ಲಿ ಯಾರೂ ಎಣ್ಣೆಯನ್ನು ಕದ್ದಿರುವುದಿಲ್ಲ ಎಂಬುದನ್ನು ಪರಿಶೀಲನೆಗೆ ಹೋಗುವ ಸದಸ್ಯರು ನೆನಪಿನಲ್ಲಿಡುವುದು ಒಳಿತು.

ಪರಿಹಾರಕ್ಕೆ ವಿಶೇಷ ವೆಚ್ಚವಿಲ್ಲ. ದಿನನಿತ್ಯ ಬಳಸುವ ಲೋಟವನ್ನು ಮೊದಲು ಬರಿದಾಗಿ ತೂಗಬೇಕು. ಬಳಿಕ ಅಕ್ಕಿಯನ್ನು ಕುಲುಕದೆ, ಒತ್ತದೆ ತುಂಬಿ, ಬಾಯಿಯ ಮಟ್ಟಕ್ಕೆ ಸವರಿ ಮತ್ತೆ ತೂಗಬೇಕು. ಮೂರು ಬಾರಿ ತೂಗಿ ಸರಾಸರಿ ತೆಗೆದರೆ ಆ ಲೋಟದ ಅಕ್ಕಿಯ ಲೆಕ್ಕ ದೊರೆಯುತ್ತದೆ. ಬೇಳೆಗೆ ಪ್ರತ್ಯೇಕವಾಗಿ, ಎಣ್ಣೆಗೆ ಪ್ರತ್ಯೇಕವಾಗಿ ಹೀಗೆಯೇ ಮಾಡಬೇಕು. ಅಕ್ಕಿಯ ಲೆಕ್ಕ ಬೇಳೆಗೆ ಹೊಂದುವುದಿಲ್ಲ. ತೂಗುವುದು ತೊಳೆಯುವುದಕ್ಕೆ ಮೊದಲು. ತಕ್ಕಡಿಯ ಬಗ್ಗೆ ಸಂಶಯವಿದ್ದರೆ ಒಡೆಯದ ಒಂದು ಕಿಲೋ ಉಪ್ಪಿನ ಪೊಟ್ಟಣವನ್ನಿಟ್ಟು ನೋಡಬಹುದು.

ದೊರೆತ ಅಂಕಿಗಳನ್ನು ಅಡುಗೆ ಮನೆಯ ಗೋಡೆಯ ಮೇಲೆ ಬರೆಸಿ, ಆ ಲೋಟಕ್ಕೆ ಬಣ್ಣದ ಗುರುತು ಹಾಕಿಸುವುದು ಸೂಕ್ತ. ಲೋಟ ಬದಲಾದಾಗ ಅಥವಾ ಬೇರೆ ಬಗೆಯ ಅಕ್ಕಿ ಸರಬರಾಜಾದಾಗ ಹಳೆಯ ಅಂಕಿಯನ್ನು ಅಳಿಸಿ, ಮುಖ್ಯ ಅಡುಗೆಯವರ ಎದುರಿನಲ್ಲಿಯೇ ಹೊಸದಾಗಿ ತೂಗಿ ಬರೆಸತಕ್ಕದ್ದು.