ಓದು ಬಂದರೆ ಸಾಲದು, ಅರ್ಥವಾಗಬೇಕು

ಪ್ರಾಥಮಿಕ ಶಾಲೆಯ ಮಗು ತಡವರಿಸದೆ ಪಾಠ ಓದಿದರೆ ನಾವು ಸಂತೃಪ್ತರಾಗುತ್ತೇವೆ. ಆದರೆ ಓದುವುದೂ ಅರ್ಥಮಾಡಿಕೊಳ್ಳುವುದೂ ಒಂದೇ ಅಲ್ಲ. ‘ಚಿಮ್ಮಳನು ದೊಂಪಿನಲ್ಲಿ ಗುಳಸನ್ನು ಲಪಿಸಿದನು’ ಎಂಬ ಅರ್ಥಹೀನ ವಾಕ್ಯವನ್ನೇ ತೆಗೆದುಕೊಳ್ಳಿ. ಚಿಮ್ಮಳನು ಎಲ್ಲಿ ಲಪಿಸಿದನು? ‘ದೊಂಪಿನಲ್ಲಿ’ ಎಂದು ಯಾರಾದರೂ ಉತ್ತರಿಸಬಲ್ಲರು. ವಿಭಕ್ತಿ ಪ್ರತ್ಯಯಗಳ ಸುಳಿವೇ ಸಾಕು, ಅರ್ಥದ ಹಂಗಿಲ್ಲ. ಪಾಠದ ಕೊನೆಗೆ ‘ಒಂದು ವಾಕ್ಯದಲ್ಲಿ ಉತ್ತರಿಸಿ’ ಎಂದು ಕೇಳುವ ಪ್ರಶ್ನೆಗಳಲ್ಲಿ ಅನೇಕವು ಈ ಬಗೆಯವೇ. ಪೂರ್ಣ ಅಂಕ ಪಡೆದ ಮಗುವಿಗೂ ಪಾಠ ತಿಳಿಯದೇ ಇದ್ದೀತು.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು ಮುಂದಿಟ್ಟ ಸೂತ್ರವು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಬಹಳ ಹಿಡಿಸಿತು. ಓದಿನ ಗ್ರಹಿಕೆಯು ಅಕ್ಷರಜ್ಞಾನ ಮತ್ತು ಭಾಷಾಜ್ಞಾನಗಳ ಗುಣಲಬ್ಧವೇ ಹೊರತು ಮೊತ್ತವಲ್ಲ. ಎರಡರಲ್ಲಿ ಒಂದು ಶೂನ್ಯವಾದರೆ ಫಲವೂ ಶೂನ್ಯ. ಯಶವಂತಪುರ, ಹೆಬ್ಬಾಳ, ಆರ್.ಟಿ. ನಗರಗಳಲ್ಲಿ ತೆಲುಗು, ಉರ್ದು, ತಮಿಳು, ಹಿಂದಿ ಮನೆಮಾತಿನ ಮಕ್ಕಳು ಕನ್ನಡದ ಮಕ್ಕಳೊಂದಿಗೆ ಕುಳಿತು ಕಲಿಯುತ್ತಾರೆ. 2019–20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ಅಕ್ಷರ ಕಲಿತರೂ, ಕಲಿಕೆಯ ಭಾಷೆಯು ಮನೆಯಲ್ಲಿ ಕಿವಿಗೆ ಬೀಳದ ಮಗುವಿನ ಗುಣಲಬ್ಧವೆಷ್ಟು?

ಗ್ರಹಿಕೆಯನ್ನು ಕಲಿಸಲು ಸಾಧ್ಯವಿದೆ. 1984ರಲ್ಲಿ ಅಮೆರಿಕದ ಪ್ಯಾಲಿಂಕ್ಸರ್ ಮತ್ತು ಬ್ರೌನ್ ವಿವರಿಸಿದ ಕ್ರಮದಲ್ಲಿ ನಾಲ್ಕು ಅಭ್ಯಾಸಗಳಿವೆ: ಮುಂದೇನೆಂದು ಊಹಿಸುವುದು, ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಸ್ಪಷ್ಟಪಡಿಸಿಕೊಳ್ಳುವುದು, ಸಾರಾಂಶ ಹೇಳುವುದು. ಮೊದಲು ಶಿಕ್ಷಕರು ಮಾಡಿ ತೋರಿಸುತ್ತಾರೆ. ಕ್ರಮೇಣ ಮಕ್ಕಳೇ ಆ ಪಾತ್ರ ವಹಿಸುತ್ತಾರೆ. ಯಲಹಂಕದ ಶಾಲೆಯಲ್ಲಿ ‘ಪುಟ್ಟೇನಹಳ್ಳಿ ಕೆರೆ ಬತ್ತಿತು. ಕೊಕ್ಕರೆಗಳು ಹಾರಿಹೋದವು’ ಎಂದು ಓದಿಸಿ, ಏಕೆ ಹೋದವೆಂದು ಕೇಳಬಹುದು. ಮೀನಿನ ಮಾತು ವಾಕ್ಯದಲ್ಲಿಲ್ಲ. ಅದನ್ನು ಮಗು ತಾನೇ ಕೂಡಿಸಿಕೊಳ್ಳಬೇಕು. ಉತ್ತರ ಮೊದಲು ಮನೆಮಾತಿನಲ್ಲಿ ಬಂದರೂ ಒಪ್ಪಬೇಕು.

ಕೇಂದ್ರ ಸರ್ಕಾರವು 2021ರಲ್ಲಿ ಆರಂಭಿಸಿದ ‘ನಿಪುಣ್ ಭಾರತ್’, ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆಂಬ ಗುರಿ ಇಟ್ಟಿತು. ‘ಹೋಗಬೇಕಾಗಿದ್ದರೆ’ ಎಂಬುದು ಕನ್ನಡದಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಹಲವು ಪದಗಳು ಬೇಕು. ಎಣಿಕೆಯ ಈ ತೊಡಕಿಗಿಂತ ದೊಡ್ಡ ಅಪಾಯ ಬೇರೆ ಇದೆ. 60 ಎಂಬುದನ್ನು ಗಡಿಯಾರ ಅಳೆಯುತ್ತದೆ, ‘ಅರ್ಥಸಹಿತ’ ಎಂಬುದನ್ನು ಅಳೆಯದು. ಆಡಳಿತದಲ್ಲಿ ಎಣಿಕೆಗೆ ಸಿಕ್ಕಿದ್ದೇ ಕೊನೆಗೆ ಗುರಿಯಾಗಿ ಉಳಿಯುವುದನ್ನು ಸೇವಾವಧಿಯುದ್ದಕ್ಕೂ ಕಂಡಿದ್ದೇನೆ.

ಪರಿಹಾರಕ್ಕೆ ಹೊಸ ಅನುದಾನ ಬೇಕಿಲ್ಲ. ಪ್ರತಿ ಪ್ರಶ್ನೆಪತ್ರಿಕೆಯಲ್ಲೂ, ಪಾಠದಿಂದ ನಕಲು ಮಾಡಿ ಉತ್ತರಿಸಲಾಗದ ಪ್ರಶ್ನೆಯೊಂದು ಕಡ್ಡಾಯವಾಗಲಿ. ಪರೀಕ್ಷೆ ಕೇಳಿದ್ದನ್ನು ತರಗತಿ ತಾನಾಗಿಯೇ ಕಲಿಸತೊಡಗುತ್ತದೆ.