ಪುಲ್‌ಗೇಟ್ ಮತ್ತು ಕಾಲುವೆ

ಬೆಳಗ್ಗೆ ಪುಣೆಯ ಪುಲ್‌ಗೇಟ್ ಬಸ್ ನಿಲ್ದಾಣದಲ್ಲಿ 'ಹಡಪ್ಸರ್, ಹಡಪ್ಸರ್' ಎಂಬ ಕೂಗು. ಸೊಲ್ಲಾಪುರ ರಸ್ತೆಯಂಚಿನಲ್ಲಿ ಸಿಮೆಂಟು ಮೆತ್ತಿದ ಬುಟ್ಟಿ, ಸಲಿಕೆ ಹಿಡಿದ ಕಲಬುರಗಿ ಕಡೆಯ ಮಂದಿ ಮೇಸ್ತ್ರಿಯ ಟೆಂಪೊ ಕಾಯುತ್ತಿದ್ದಾರೆ. "ಯಣ್ಣಾ, ಇವತ್ತ್ ಬಿ ಖರಾಡಿಗೇ ಏನು?"

ಪಕ್ಕದ ಕ್ಯಾಂಪಿನ, ಅಂದರೆ ಹಳೆಯ ದಂಡುಪ್ರದೇಶದ, ರಸ್ತೆಗಳು ನೆಟ್ಟಗಿವೆ. 1817ರ ಖಡ್ಕಿ ಕಾಳಗದ ಬಳಿಕ ಬೀಡುಬಿಟ್ಟ ಕಂಪನಿ ಪಲ್ಟನ್ನುಗಳ ಅನುಕೂಲಕ್ಕೆ ಆದವು ಅವು, ಇಂದು ಎಂ.ಜಿ. ರಸ್ತೆಯ ವ್ಯಾಪಾರವೆಲ್ಲ ಅವುಗಳ ಮೇಲೇ ನಡೆದಿದೆ. ಶಿವಾಜಿ ಮಾರ್ಕೆಟ್ಟಿನ ಕಲ್ಲು ಕಮಾನಿನ ಕೆಳಗೆ ಮುದುಕಿಯೊಬ್ಬಳು ಒದ್ದೆ ಗೋಣಿಯಿಂದ ಮೆಂತ್ಯೆ ಸಿವುಡು ಎತ್ತಿ, ಬೇರಿನ ಮಣ್ಣು ಒದರಿ, ನೀರು ಚಿಮುಕಿಸುತ್ತಾಳೆ. ಎಲ್ಲಿಯದೆಂದರೆ, ಮಾಂಜರಿಯದು ಅನ್ನುತ್ತಾಳೆ.

ಹಡಪ್ಸರ್ ಆಚೆಯ ಮಾಂಜರಿಯ ಹಸಿರಿಗೆ ಮೂಲ ಖಡಕ್‌ವಾಸಲಾ. ಕ್ಯಾಪ್ಟನ್ ಫೈಫ್ ಯೋಜಿಸಿದ ಆ ಅಣೆಕಟ್ಟು 1870ರ ದಶಕದ ಕೊನೆಗೆ ಮುಗಿಯಿತು. ದಂಡಿಗೆ ಕುಡಿಯುವ ನೀರು, ಪೂರ್ವದ ಬರಡು ಹೊಲಕ್ಕೆ ನೀರಾವರಿ, ಎರಡೂ ಒಂದೇ ಖರ್ಚಿನಲ್ಲಿ. ಅಲ್ಲಿಂದ ಹೊರಟ ಮುಠಾ ಬಲದಂಡೆ ಕಾಲುವೆ ಕ್ಯಾಂಪಿನ ದಕ್ಷಿಣಕ್ಕೆ, ರೇಸ್‌ಕೋರ್ಸ್, ಎಂಪ್ರೆಸ್ ಗಾರ್ಡನ್ ಬದಿಯಿಂದ ಹಡಪ್ಸರಿಗೆ ಹರಿಯುತ್ತದೆ. ಈಗ ಅದರ ದಂಡೆಯಲ್ಲಿ ಕಸವೂ ಇದೆ, ಒಗೆದ ಕಂಬಳಿಯೂ ಇದೆ. ಆದರೆ ಈ ನೀರಿನ ಸೀಮೆಯಲ್ಲಿ ಕಬ್ಬು ಬೆಳೆಯಿತು. ಸಕ್ಕರೆ ಸಂಶೋಧನೆಯ ವಸಂತದಾದಾ ಸಂಸ್ಥೆ ಮಾಂಜರಿಗೇ ಬಂತು. ಹಡಪ್ಸರಿನ ಸುಮಾರು 120 ರೈತ ಕುಟುಂಬಗಳು 430 ಎಕರೆ ಜಮೀನು ಕೂಡಿಸಿ ಮಗರ್‌ಪಟ್ಟಾ ಸಿಟಿ ಕಟ್ಟಿದವು. ಕಬ್ಬಿನ ಜಾಗದಲ್ಲಿ ಕಂಪ್ಯೂಟರ್ ಕಂಪನಿಗಳು! ಫೈಫ್ ಸಾಹೇಬರ ಲೆಕ್ಕದಲ್ಲಿ ಇದು ಇದ್ದಿರಲಾರದು.

ಕಟ್ಟಿದ್ದೆಲ್ಲ ಹೀಗೆ ಫಲ ಕೊಡುವುದಿಲ್ಲ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ಖಡಕ್‌ವಾಸಲಾವನ್ನೂ ಕೊಚ್ಚಿದಾಗ ಪುಣೆ ಹನಿ ನೀರಿಗೂ ಪರದಾಡಿತು. ಮತ್ತೆ ಕಟ್ಟಿದ್ದರಿಂದಲೇ ಊರು ಚೇತರಿಸಿಕೊಂಡಿತು. ಆದರೆ 2006ರಲ್ಲಿ ಕಾತ್ರಜ್–ಸ್ವಾರ್‌ಗೇಟ್–ಹಡಪ್ಸರ್ ಬಿಆರ್‌ಟಿ ಎಂದು ಬಸ್ಸಿಗೊಂದು ಪ್ರತ್ಯೇಕ ಪಥ ಹಾಕಿದರು. ಬೈಕು, ಕಾರು ಅದರೊಳಗೆ ನುಗ್ಗಿದವು, ತಡೆಯುವವರಿರಲಿಲ್ಲ. ಹಣ ಹಾಕಿದವರು ನಿಗಾ ಇಡಲಿಲ್ಲ, ಅಷ್ಟೆ.

ಈಗಿನ ಮೆಟ್ರೊ ಉತ್ತರದಲ್ಲಿ ರೂಬಿ ಹಾಲ್ ಬಳಿ ಹಾದು, ಸ್ವಾರ್‌ಗೇಟ್‌ವರೆಗೆ ನೈಋತ್ಯದಲ್ಲಿ ಬಂದು, ನಡುವಿನ ಕ್ಯಾಂಪನ್ನು ಬಿಟ್ಟಿದೆ. 2025ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಹೊಸ ಮಾರ್ಗ ಖಡಕ್‌ವಾಸಲಾದಿಂದ ಸ್ವಾರ್‌ಗೇಟ್, ಹಡಪ್ಸರ್ ದಾಟಿ ಖರಾಡಿಗೆ ಹೋಗಲಿದೆ, ಹೆಚ್ಚು ಕಡಿಮೆ ಕಾಲುವೆಯದೇ ದಿಕ್ಕು. ಕಂಬ ನಿಲ್ಲಿಸುವ ಮೊದಲು ಅಧಿಕಾರಿಗಳು ಬಿಆರ್‌ಟಿಯ ಕಡತವನ್ನೊಮ್ಮೆ ಓದಲಿ.