ಗೆರೆಯ ಬೆಲೆ ಕೇಳುವವರಾರು?

ಚಿತ್ರ ಬರೆದುಕೊಡಿ ಎಂದು ಕೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಗೆಳೆಯನ ಕವನ ಸಂಕಲನದ ಮುಖಪುಟ, ಮದುವೆಯ ಕರೆಯೋಲೆ, ಶಾಲೆಯ ವಾರ್ಷಿಕ ಸಂಚಿಕೆ, ಹೊಸ ಅಂಗಡಿಯ ಲಾಂಛನ ಎಲ್ಲಕ್ಕೂ ಚಿತ್ರ ಬೇಕು. ಬರೆಯುವವರು ಇನ್ನೂ ಕಲಾಶಾಲೆಯ ವಿದ್ಯಾರ್ಥಿಗಳಾಗಿದ್ದರಂತೂ ಕೇಳುವುದು ಮತ್ತಷ್ಟು ಸುಲಭ. ‘ನಿನಗೂ ಅಭ್ಯಾಸವಾಗುತ್ತದೆ, ಹೆಸರೂ ಬರುತ್ತದೆ’ ಎಂಬ ಆಶೀರ್ವಾದವೇ ಸಂಭಾವನೆಯಾಗಿಬಿಡುತ್ತದೆ. ಅಭ್ಯಾಸವಾಗಲಿ ಎಂದು ಎಳೆಯ ಬಡಗಿಯಿಂದ ಬಿಟ್ಟಿಯಾಗಿ ಬಾಗಿಲು ಮಾಡಿಸಿಕೊಳ್ಳಲು ಸಂಕೋಚಪಡುವ ನಾವು, ಚಿತ್ರದ ವಿಷಯಕ್ಕೆ ಬಂದಾಗ ಆ ಸಂಕೋಚವನ್ನು ಸಲೀಸಾಗಿ ಮರೆಯುತ್ತೇವೆ.

ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕಸುಬು. ಕೆಲವು ವರ್ಷಗಳಿಂದ ಕಲಾಶಾಲೆಯೊಂದಕ್ಕೆ ಅತಿಥಿ ಉಪನ್ಯಾಸಕನಾಗಿಯೂ ಹೋಗಿಬರುತ್ತಿದ್ದೇನೆ. ಅಲ್ಲಿ ಅಂತಿಮ ವರ್ಷದಲ್ಲಿದ್ದ, ಕೊಪ್ಪಳ ಜಿಲ್ಲೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಎರಡು ನಿಮಿಷದ ಅನಿಮೇಷನ್ ಚಿತ್ರವನ್ನು ತನ್ನ ಯೋಜನೆಯಾಗಿ ಆರಿಸಿಕೊಂಡಳು. ಎರಡು ನಿಮಿಷವೆಂದರೆ ಎಷ್ಟು ಮಹಾ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಹಾದುಹೋಗುತ್ತವೆ. ಒಂದೊಂದು ಚಿತ್ರವನ್ನೂ ಎರಡು ಚೌಕಟ್ಟುಗಳ ಕಾಲ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಎರಡು ನಿಮಿಷಕ್ಕೆ 1440. ದಿನಕ್ಕೆ 40ರಂತೆ ಬರೆದರೆ ಬರೀ ಗೆರೆಗಳಿಗೇ 36 ದಿನ. ಅದಕ್ಕೂ ಮೊದಲು ಕಥೆ, ಸ್ಟೋರಿಬೋರ್ಡು, ಪಾತ್ರಗಳ ರೂಪ. ಆಮೇಲೆ ಬಣ್ಣ, ಹಿನ್ನೆಲೆ, ಧ್ವನಿ. ನೋಡುವವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕಳೆದುಹೋಗುವ ಚಿತ್ರದ ಹಿಂದೆ ಒಂದು ಇಡೀ ಸೆಮಿಸ್ಟರ್ ಇರುತ್ತದೆ.

ಈ ಹುಡುಗಿ ಆ ಲೆಕ್ಕದಿಂದ ತಪ್ಪಿಸಿಕೊಳ್ಳಲು ತನ್ನ ಸೀಮೆಯದೇ ಒಂದು ದಾರಿಯನ್ನು ಹುಡುಕಿದಳು. ತೊಗಲು ಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಇಡೀ ಕೊಪ್ಪಳ ಹೆಮ್ಮೆಪಟ್ಟಿತ್ತು. ಹದಮಾಡಿದ ಚರ್ಮಕ್ಕೆ ಬಣ್ಣ ಹಚ್ಚಿ, ಹಿಂದೆ ದೀಪವಿಟ್ಟಾಗ ಪರದೆಯ ಮೇಲೆ ಬೀಳುವುದು ಬಣ್ಣದ ನೆರಳು. ಅದನ್ನೇ ಕಂಪ್ಯೂಟರಿನಲ್ಲಿ ಮಾಡಿದರೆ ಹೇಗೆ? ತಲೆ, ತೋಳು, ಮೊಣಕೈ, ಕಾಲುಗಳನ್ನು ಬೇರೆ ಬೇರೆಯಾಗಿ ಬರೆದು, ಕೀಲುಗಳಲ್ಲಿ ಜೋಡಿಸಿ, ಗೊಂಬೆಯಂತೆ ಅಲುಗಾಡಿಸುವುದು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಕಲಾವಿದೆ ಕಪ್ಪು ಕಾಗದ ಕತ್ತರಿಸಿ ಮಾಡಿದ ಗೊಂಬೆಗಳಿಂದಲೇ 1926ರಲ್ಲಿ ‘ರಾಜಕುಮಾರ ಅಹ್ಮದನ ಸಾಹಸಗಳು’ ಎಂಬ ಪೂರ್ಣಪ್ರಮಾಣದ ಚಿತ್ರ ಮಾಡಿದ್ದಳು. ಇಂದು ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಎಂ.ಎಸ್. ನಂಜುಂಡರಾವ್ ಅವರ ಆಸ್ಥೆಯಿಂದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಸೇರಿರುವ ತೊಗಲು ಗೊಂಬೆಗಳನ್ನು ನೋಡಲು ಈ ಹುಡುಗಿ ಎಷ್ಟೋ ಮಧ್ಯಾಹ್ನಗಳನ್ನು ಕಳೆದಳು. ಅನಿಮೇಷನ್ ಎಂದರೆ ಜಪಾನು, ಅಮೆರಿಕಗಳಿಂದ ಆಮದಾದದ್ದು ಎಂದು ನಂಬಿದವರಿಗೆ ಅವಳ ಚಿತ್ರ ಒಳ್ಳೆಯ ಉತ್ತರವಾಗಿತ್ತು.

ಆದರೆ ಯೋಜನೆ ಅಂಕ ತರುತ್ತದೆಯೇ ಹೊರತು ಹಾಸ್ಟೆಲಿನ ಬಾಕಿ ತೀರಿಸುವುದಿಲ್ಲ. ಚಿತ್ರದ ಕೆಲಸದ ನಡುವೆಯೇ ಅವಳು ಹೊರಗಿನ ಕೆಲಸಗಳನ್ನೂ ಹಿಡಿಯುತ್ತಿದ್ದಳು. ಹಾಗೆ ಬಂದದ್ದು ಮಕ್ಕಳ ಪುಸ್ತಕವೊಂದರ 16 ಚಿತ್ರಗಳ ಬೇಡಿಕೆ. ಮಾತು ನಡೆದದ್ದು ಫೋನಿನಲ್ಲಿ ಮತ್ತು ವಾಟ್ಸ್‌ಆ್ಯಪಿನಲ್ಲಿ. ಐದು ಬಾರಿ ತಿದ್ದಿಸಿದರು. ಅಜ್ಜಿಯ ಸೀರೆಯ ಬಣ್ಣ ಬದಲಾಯಿತು, ಆಕಳು ಎಮ್ಮೆಯಾಯಿತು, ಎಮ್ಮೆ ಮತ್ತೆ ಆಕಳಾಯಿತು. ಪುಸ್ತಕ ಅಚ್ಚಾದ ಮೇಲೆ ಕೈಗೆ ಬಂದದ್ದು ಒಪ್ಪಿದ ಹಣದ ಮೂರನೆಯ ಒಂದು ಭಾಗ ಮಾತ್ರ. ಕೆಲವು ತಿಂಗಳ ನಂತರ ಅವವೇ ಚಿತ್ರಗಳು ಕ್ಯಾಲೆಂಡರಿನ ಮೇಲೂ ಬಟ್ಟೆಯ ಚೀಲಗಳ ಮೇಲೂ ಕಾಣಿಸಿಕೊಂಡವು. ಎಲ್ಲಿಯೂ ಅವಳ ಹೆಸರಿಲ್ಲ. ‘ಸರ್, ಅವರು ಹೀಗೆ ಮಾಡಬಹುದಾ?’ ಎಂದು ಅವಳು ಕೇಳಿದಾಗ ಆ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ತನಗೆ ಕೇಳುವ ಹಕ್ಕಿದೆಯೇ ಎಂಬ ಅನುಮಾನವಿತ್ತು. ನನ್ನನ್ನು ಕಾಡಿದ್ದು ಆ ಅನುಮಾನವೇ.

ಕಾನೂನು ಏನು ಹೇಳುತ್ತದೆ? 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ. ಆದರೆ ಅದೇ 17ನೇ ಕಲಮಿನಲ್ಲಿ ಒಂದು ವಿನಾಯಿತಿಯಿದೆ. ಹಣ ಕೊಟ್ಟು ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರದ ವಿಷಯದಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆತನ ಬರೆಸಿದವನದು. ಅಂದರೆ ಕಾಗದವಿಲ್ಲದ ಕಡೆ ವಾದ ದುಡ್ಡು ಕೊಟ್ಟವನ ಕಡೆಗೇ ವಾಲುತ್ತದೆ. ಕಾಗದವಿದ್ದರೆ ಚಿತ್ರ ಬೇರೆ. 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರವೆಂದೂ ಭಾವಿಸಲಾಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು 57ನೇ ಕಲಂ. ಹಕ್ಕನ್ನು ಮಾರಿದ ಮೇಲೂ ಈ ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಅಧಿಕಾರ ಕಲಾವಿದನಲ್ಲೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಿಂದ ತನ್ನ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತುಹಾಕಿದ ಸರ್ಕಾರದ ವಿರುದ್ಧವೇ ಶಿಲ್ಪಿ ಅಮರನಾಥ್ ಸೆಹಗಲ್ ಹೋರಾಡಿ, 2005ರಲ್ಲಿ ದೆಹಲಿ ಹೈಕೋರ್ಟಿನಿಂದ ಶಿಲ್ಪವನ್ನೂ 5 ಲಕ್ಷ ರೂಪಾಯಿ ಪರಿಹಾರವನ್ನೂ ಪಡೆಯುವ ಆದೇಶ ಗೆದ್ದದ್ದು ಈ ಕಲಮಿನ ಬಲದಿಂದ.

ಹಣದ ವಿಷಯದಲ್ಲೂ ದಾರಿ ಪೂರ್ತಿ ಮುಚ್ಚಿಲ್ಲ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ವಾಟ್ಸ್‌ಆ್ಯಪ್ ಸಂದೇಶಗಳು ಅದಕ್ಕೆ ಸಾಕ್ಷಿಯಾಗಬಲ್ಲವು. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಹೆಚ್ಚೆಂದರೆ 45 ದಿನಗಳೊಳಗೆ ಕೊಡಬೇಕು, ತಪ್ಪಿದರೆ ಚಕ್ರಬಡ್ಡಿ ತೆರಬೇಕು. ಸೇವೆ ಒದಗಿಸುವವರೂ ಈ ವ್ಯಾಪ್ತಿಗೆ ಬರುತ್ತಾರೆ. 2020ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಗೆ ಶುಲ್ಕವೂ ಇಲ್ಲ. ಮನೆಯ ಮೂಲೆಯಲ್ಲಿ ಕುಳಿತು ಟ್ಯಾಬ್ಲೆಟ್ ಮೇಲೆ ಚಿತ್ರ ಬರೆಯುವ ಹುಡುಗ ಹುಡುಗಿಯರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಗೊತ್ತಿಲ್ಲದಿರುವುದು ಅವರ ತಪ್ಪಲ್ಲ, ನಾವು ಕಲಿಸಿಲ್ಲ. ನಮ್ಮ ಪಠ್ಯದಲ್ಲಿ ಶರೀರ ರಚನೆಯಿದೆ, ಕಲಾ ಇತಿಹಾಸವಿದೆ, ಸೌಂದರ್ಯಶಾಸ್ತ್ರವಿದೆ. ಬಿಲ್ ಬರೆಯುವುದು ಹೇಗೆ, ಮುಂಗಡ ಕೇಳುವುದು ಹೇಗೆ, ಎಷ್ಟು ಬಾರಿ ತಿದ್ದಿಕೊಡುವುದು ಎಂದು ಮೊದಲೇ ಹೇಳುವುದು ಹೇಗೆ ಎಂಬುದಕ್ಕೆ ಒಂದು ತರಗತಿಯೂ ಇಲ್ಲ. ಕಲೆಯನ್ನೂ ಕಾಸನ್ನೂ ಒಟ್ಟಿಗೆ ಹೇಳಬಾರದೆಂಬ ಮಡಿವಂತಿಕೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ಕರ್ನಾಟಕ 2012ರಲ್ಲೇ ನೀತಿಯೊಂದನ್ನು ರೂಪಿಸಿತು. ಒಳ್ಳೆಯದೇ. ಆದರೆ ದೊಡ್ಡ ಸ್ಟುಡಿಯೋಗಳ ಹೊರಗೆ, ಒಂಟಿಯಾಗಿ ದುಡಿಯುವ ಚಿತ್ರಕಾರನಿಗೆ ಬೇಕಾದದ್ದು ನೀತಿಗಿಂತ ಮೊದಲು ಒಂದು ಪುಟದ ಒಪ್ಪಂದ. ಎಷ್ಟು ಚಿತ್ರ, ಯಾವ ಬಳಕೆಗೆ, ಎಷ್ಟು ವರ್ಷಕ್ಕೆ, ಎಷ್ಟು ತಿದ್ದುಪಡಿ, ಎಷ್ಟು ಮುಂಗಡ, ಉಳಿದ ಹಣ ಯಾವ ದಿನ, ಹೆಸರು ಎಲ್ಲಿ: ಏಳು ಸಾಲು ಸಾಕು.

ಬರೆಸುವವರ ಕಷ್ಟವನ್ನೂ ಹೇಳಬೇಕು. ಕನ್ನಡದ ಬಹುಪಾಲು ಪುಸ್ತಕಗಳು ಸಾವಿರ ಪ್ರತಿಗಳನ್ನು ದಾಟುವುದು ಅಪರೂಪ. ಸಣ್ಣ ಪ್ರಕಾಶಕರ ಕೈಯಲ್ಲಿ ದೊಡ್ಡ ಸಂಭಾವನೆ ಕೊಡಲಾಗದು ನಿಜ. ಆದರೆ ಕಡಿಮೆ ಹಣ ಕೊಡುವವರು ಕಡಿಮೆ ಹಕ್ಕನ್ನು ಪಡೆಯಬಹುದಲ್ಲ? ಒಂದೇ ಮುದ್ರಣಕ್ಕೆ, ಪುಸ್ತಕಕ್ಕೆ ಮಾತ್ರ ಎಂದು ಬರೆದುಕೊಳ್ಳಬಹುದಲ್ಲ? ಹೆಸರು ಹಾಕಲು ಖರ್ಚೇನಿದೆ? ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕಥೆಗಳು ಎಲ್ಲರಿಗೂ ಮುಕ್ತ. ಆದರೂ ಲೇಖಕರ ಜೊತೆಯಲ್ಲೇ ಚಿತ್ರಕಾರರ ಹೆಸರೂ ಇರುತ್ತದೆ. ಮುಕ್ತವಾಗಿ ಹಂಚುವುದಕ್ಕೂ ಹೆಸರಳಿಸುವುದಕ್ಕೂ ಸಂಬಂಧವಿಲ್ಲ ಎನ್ನುವುದಕ್ಕೆ ಇಷ್ಟು ನಿದರ್ಶನ ಸಾಕು.

ಈಗ ಹೊಸದೊಂದು ಮಾತು ಸೇರಿಕೊಂಡಿದೆ: ‘ಇದನ್ನು ಯಂತ್ರವೇ ನಿಮಿಷದಲ್ಲಿ ಬರೆದುಕೊಡುತ್ತದಲ್ಲ!’ 2022ರಿಂದೀಚೆಗೆ ಕೃತಕ ಬುದ್ಧಿಮತ್ತೆಯ ಚಿತ್ರಯಂತ್ರಗಳು ಎಲ್ಲರ ಕೈಗೆಟುಕಿವೆ. 2025ರ ಮಾರ್ಚಿನಲ್ಲಿ ಊರಿಗೆ ಊರೇ ತನ್ನ ಭಾವಚಿತ್ರವನ್ನು ಜಪಾನಿನ ಜಿಬ್ಲಿ ಶೈಲಿಗೆ ತಿರುಗಿಸಿಕೊಂಡು ಸಂಭ್ರಮಿಸಿತು. ಯಂತ್ರ ನಿಲ್ಲುವುದಿಲ್ಲ, ನಿಲ್ಲಬೇಕೆಂದು ನಾನು ಹಟ ಹಿಡಿಯುವುದೂ ಇಲ್ಲ. ಆದರೆ ಅದು ಮೊದಲು ಕಸಿಯುವುದು ಪ್ರಸಿದ್ಧ ಕಲಾವಿದರ ಕೆಲಸವನ್ನಲ್ಲ. ಕರೆಯೋಲೆ, ಲಾಂಛನ, ಶಾಲಾ ಸಂಚಿಕೆಗಳಂಥ ಸಣ್ಣ ಕೆಲಸಗಳನ್ನು. ಅವೇ ವಿದ್ಯಾರ್ಥಿಯ ಏಣಿಯ ಮೊದಲ ಮೆಟ್ಟಿಲುಗಳು. ಮೆಟ್ಟಿಲು ಕಿತ್ತ ಮೇಲೆ ಅಟ್ಟದಲ್ಲಿ ಯಾರೂ ಇಲ್ಲವೆಂದು ದೂರಿದರೆ ಏನು ಫಲ? ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ರೊಟ್ಟಿ ಬಡಿಯುವ ಅಜ್ಜಿಯ ಕೈ ಹೇಗಿರುತ್ತದೆ ಎಂಬುದು ಆ ಅಡುಗೆಮನೆಯಲ್ಲಿ ಬೆಳೆದವಳಿಗೆ ಗೊತ್ತು. ಅವಳು ಬರೆಯುವುದನ್ನು ಬಿಟ್ಟರೆ ನಮ್ಮ ಮಕ್ಕಳ ಪುಸ್ತಕದೊಳಗೆ ಬಂದು ಕೂರುವ ಅಜ್ಜಿ ಯಾವ ಊರಿನವಳೂ ಆಗಿರುವುದಿಲ್ಲ.

ಆ ಹುಡುಗಿ ಕೊನೆಗೆ ಒಂದು ಪುಟದ ಪತ್ರ ಬರೆದಳು. ಸಂದೇಶಗಳ ಪ್ರತಿ ಲಗತ್ತಿಸಿ, ಬಾಕಿ ಹಣವನ್ನೂ ತನ್ನ ಹೆಸರನ್ನೂ ಕೇಳಿದಳು. ನಾಲ್ಕು ತಿಂಗಳ ನಂತರ ಹಣ ಬಂತು. ಹೆಸರಿಲ್ಲದ ಚೀಲಗಳು ಇನ್ನೂ ಮಾರಾಟವಾಗುತ್ತಿವೆ. ಅರ್ಧ ಗೆಲುವು ಎನ್ನೋಣ. ಆದರೆ ಮುಂದಿನ ಕೆಲಸಕ್ಕೆ ಮುಂಗಡ ಕೇಳುವಾಗ ಅವಳ ದನಿಯಲ್ಲಿ ಅನುಮಾನ ಇರಲಿಲ್ಲ.

ಇದನ್ನು ಓದುತ್ತಿರುವವರಲ್ಲಿ ಹಲವರು ಒಂದಲ್ಲ ಒಂದು ದಿನ ಯಾವುದಾದರೂ ಎಳೆಯ ಚಿತ್ರಕಾರನ ಮುಂದೆ ಒಂದು ಕೋರಿಕೆಯೊಂದಿಗೆ ನಿಲ್ಲುವವರೇ. ಆಗ ಎರಡು ಪ್ರಶ್ನೆಗಳನ್ನು ನೀವಾಗಿಯೇ ಕೇಳಿದರೆ ಸಾಕು: ‘ಇದಕ್ಕೆ ಎಷ್ಟು ಕೊಡಲಿ? ನಿಮ್ಮ ಹೆಸರು ಎಲ್ಲಿ ಹಾಕಲಿ?’